ವಿದುರಾಶ್ವತ್ಥದಲ್ಲಿ ಮಾತಿಗೆ ಯಾರಾದರೂ ಸಿಗಲಿ

ಅಮೆರಿಕದ ಬಾಸ್ಟನ್ ಹತ್ತಿರದ ಪ್ಲಿಮತ್‌ಗೆ 1620ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರ ಹಳ್ಳಿಯನ್ನು ಈಗ ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಒಳಗಿರುವವರು ಆ ಕಾಲದ ಬಟ್ಟೆ ತೊಟ್ಟು, ಆ ಕಾಲದವರ ಹಾಗೇ ಮಾತಾಡುತ್ತಾರೆ. ಗೌರಿಬಿದನೂರಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಒಲೆ ಮುಂದಿದ್ದ ಹೆಂಗಸನ್ನು, "ಮಳೆ ಬೆಳೆ ಹೆಂಗಮ್ಮಾ?" ಅಂತ ಕನ್ನಡದಲ್ಲೇ ಕೇಳಿಬಿಟ್ಟರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಗಂಜಿ ತಿರುವುತ್ತಲೇ 1623ರ ಬರದ ಕಥೆ ತೆಗೆದರು. ಮೇ ಮೂರನೇ ವಾರದಿಂದ ಜುಲೈ ನಡುವಿನ ತನಕ ಹನಿ ಬೀಳದೆ ಮುಸುಕಿನ ಜೋಳ ಬಾಡಿ ನಿಂತಿತ್ತಂತೆ. ಜೋಳ ಬೆಳೆಯುವ ಚಿಕ್ಕಪ್ಪನಿಗೆ ಇನ್ನೇನು ಬೇಕು? ಅಲ್ಲಿಂದ ಎಬ್ಬಿಸೋದೇ ಕಷ್ಟವಾಯಿತು.

ಪಕ್ಕದಲ್ಲೇ ವಾಂಪನೋಗ್ ಮೂಲನಿವಾಸಿಗಳ ಜಾಗ. ಅವರು ತಮ್ಮ ಹಳೇ ಉಡುಗೆ ತೊಟ್ಟರೂ ನಟಿಸುವುದಿಲ್ಲ. ಇವತ್ತಿನವರಾಗೇ ಮಾತಾಡುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಇದು.

ಯಾಕಂದ್ರೆ ನಮ್ಮ ತಾಲ್ಲೂಕಿನಲ್ಲೇ ವಿದುರಾಶ್ವತ್ಥ ಇದೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ನಿಷೇಧವಿದ್ದ ಕಾಲ. 1938ರ ಏಪ್ರಿಲ್ 25ರಂದು ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಜನ ಅಂತ ಊರಿನವರ ಲೆಕ್ಕ. ಸರಕಾರ ಅಷ್ಟು ಒಪ್ಪಲಿಲ್ಲ. ಈಗ ಅಲ್ಲಿ ವೀರಸೌಧ ಇದೆ, ಗೋಡೆ ತುಂಬಾ ಚಿತ್ರ, ಬರಹ. ಓದಬಹುದು. ಆದರೆ ಗೋಡೆಯನ್ನು "ಅವತ್ತು ನಿಮ್ಮ ತಾತ ಎಲ್ಲಿದ್ದರು?" ಅಂತ ಕೇಳೋಕಾಗಲ್ಲ ಅಲ್ವಾ?

ಹಾಗಂತ ಗುಂಡೇಟನ್ನು ನಾಟಕ ಆಡಿ ತೋರಿಸಿ ಅನ್ನುತ್ತಿಲ್ಲ. ಪೊಲೀಸ್ ವೇಷ ಯಾರಿಗೆ ಹಾಕ್ತೀರಿ, ಶಾಲೆ ಮಕ್ಕಳಿಗಾ? 1994ರಲ್ಲಿ ಅಮೆರಿಕದ್ದೇ ಇನ್ನೊಂದು ಇಂಥ ಮ್ಯೂಸಿಯಂ, ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಗುಲಾಮರ ಹರಾಜನ್ನು ಹೀಗೇ ಅಭಿನಯಿಸಿದಾಗ ದೊಡ್ಡ ವಿರೋಧ ಬಂದಿತ್ತು.

ನಮಗೆ ವಾಂಪನೋಗ್ ದಾರಿಯೇ ಸರಿ. ಸುತ್ತಲ ಹಳ್ಳಿಯ ಒಬ್ಬರು, ಮನೆಯಲ್ಲಿ ಆ ದಿನದ ಮಾತು ಕೇಳಿ ಬೆಳೆದವರು, ತೆಲುಗು ಬೆರೆತ ನಮ್ಮ ಮಾತಲ್ಲೇ ಹೇಳಲಿ. ಪಂಚೆ ಉಡಲಿ, ಪ್ಯಾಂಟ್ ಹಾಕಲಿ. ಜನ ಯಾವ ಹಳ್ಳಿಗಳಿಂದ ನಡೆದು ಬಂದರು, ಒಂದು ಬಟ್ಟೆ ತುಂಡಿಗೆ ಯಾಕಷ್ಟು ಹಟ, ಸಂಜೆ ಮನೆಗಳಲ್ಲಿ ಏನಾಯಿತು, ಇಷ್ಟು ಹೇಳಲಿ.

"ಸರಿ ಕಣೋ, ಸಂಬಳ?" ಅಂದರು ಚಿಕ್ಕಪ್ಪ. ದಿನಾ ಬೇಡ. ವಿದುರಾಶ್ವತ್ಥದ ನಾಗರಕಲ್ಲಿನ ಪೂಜೆಗೆ ಜನ ಜಾಸ್ತಿ ಸೇರುವ ದಿನಗಳಲ್ಲಿ ಸಾಕು. ಅಷ್ಟು ಕೂಲಿ ಪಂಚಾಯಿತಿಗೆ ಭಾರವಾಗಲಾರದು.