ಧಾರಾವಾಹಿಯ ಮನೆಯ ಮೆಟ್ಟಿಲು

ಟಿವಿಯ ಸದ್ದಡಗಿಸಿ ಧಾರಾವಾಹಿ ನೋಡುವ ಚಟ ನನಗೆ ಅಂಟಿದ್ದು ಫೋನಿನಿಂದ. ಯಾರದೋ ಕರೆ ಬರುತ್ತದೆ, ರಿಮೋಟ್ ಒತ್ತುತ್ತೇನೆ, ಆ ಕಡೆಯವರು ಮಾತು ಮುಗಿಸುವುದೇ ಇಲ್ಲ. ‘ಹೂಂ, ಹೌದೌದು’ ಎನ್ನುತ್ತಾ ಮೂಕ ಪರದೆಯನ್ನು ನೋಡುತ್ತಾ ಕೂರುತ್ತೇನೆ. ಒಂದು ಮಾತೂ ಕೇಳಿಸದಿದ್ದರೂ ಯಾರು ಉಳ್ಳವರು, ಯಾರು ಇಲ್ಲದವರು ಎಂಬುದು ಅರೆಗಳಿಗೆಯಲ್ಲಿ ತಿಳಿದುಹೋಗುತ್ತದೆ. ಮೆಟ್ಟಿಲು ಕಂಡರೆ ಸಾಕು.

ಧಾರಾವಾಹಿಯ ಸಿರಿವಂತರ ಮನೆಯಲ್ಲಿ ಮೆಟ್ಟಿಲಿರಲೇಬೇಕು. ಮೂಲೆಯಲ್ಲಿ ಅವಿತುಕೊಂಡ ಮೆಟ್ಟಿಲಲ್ಲ. ಹಜಾರದ ನಟ್ಟನಡುವೆ, ಮೆರವಣಿಗೆಗೆಂದೇ ಕಟ್ಟಿಸಿದಂಥದ್ದು. ಹತ್ತಿ ಹೋದರೆ ಮೇಲೆ ಏನಿದೆ ಎಂದು ಕೇಳಬಾರದು. ಸೆಟ್ಟಿನ ಮೆಟ್ಟಿಲುಗಳು ಸಾಮಾನ್ಯವಾಗಿ ಒಂದು ಹಲಗೆಯ ಅಟ್ಟಣೆಗೆ ಹೋಗಿ ಮುಗಿಯುತ್ತವೆ. ಅಲ್ಲಿ ನಟಿ ತನ್ನ ಸರದಿಗಾಗಿ ಕಾಯುತ್ತಾ ನಿಂತಿರುತ್ತಾಳೆ. ಸನ್ನೆ ಸಿಕ್ಕಿದ ಕೂಡಲೇ ಮನೆಯೊಡತಿಯಾಗಿ ಇಳಿಯತೊಡಗುತ್ತಾಳೆ, ಆದರೆ ಪೂರ್ತಿ ಇಳಿಯುವುದಿಲ್ಲ. ನಾಲ್ಕು ಮೆಟ್ಟಿಲು ಉಳಿದಿರುವಾಗ ಪಕ್ಕದ ಕಂಬಿಯ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಬಡವರ ಮಗಳು ಕೆಳಗಿನಿಂದ ಕತ್ತೆತ್ತಿ ನೋಡುತ್ತಾಳೆ. ಕ್ಯಾಮೆರಾ ಒಬ್ಬಳನ್ನು ತಗ್ಗಿನಿಂದಲೂ ಇನ್ನೊಬ್ಬಳನ್ನು ಎತ್ತರದಿಂದಲೂ ತೋರಿಸುತ್ತದೆ. ಸಂಭಾಷಣೆ ಬರೆಯುವವರ ಅರ್ಧ ಕೆಲಸವನ್ನು ಬಡಗಿ ಆಗಲೇ ಮಾಡಿ ಮುಗಿಸಿರುತ್ತಾನೆ. ಮುಂದೆ ಆ ಹುಡುಗಿಗೆ ಒಳ್ಳೆಯ ಕಾಲ ಬಂತು ಎನ್ನುವುದಕ್ಕೂ ಬೇರೆ ಪುರಾವೆ ಬೇಡ. ಒಂದು ಸಂಜೆ ಅವಳೇ ಮೇಲಿನಿಂದ ಇಳಿದು ಬರುತ್ತಾಳೆ.

‘ಅಷ್ಟು ಮೆಟ್ಟಿಲನ್ನು ದಿನಾ ಒರೆಸುವವರು ಯಾರೋ’ ಎನ್ನುತ್ತಾರೆ ಅಮ್ಮ. ಅವರಿಗೆ ಕಥೆಗಿಂತ ಇಂಥ ಚಿಂತೆಗಳೇ ಹೆಚ್ಚು.

ಮೆಟ್ಟಿಲಿನ ಈ ಮಹಿಮೆ ಹೊಸದೇನಲ್ಲ. ಬ್ರಿಟನ್ನಿನಲ್ಲಿ 1971ರಲ್ಲಿ ಶುರುವಾದ ಒಂದು ಧಾರಾವಾಹಿಯ ಹೆಸರೇ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’. ಮೇಲೆ ಯಜಮಾನರು, ಕೆಳಗೆ ಆಳುಕಾಳು, ನಡುವೆ ಕಥೆ. ಅದನ್ನು ಮೊದಲು ಕಲ್ಪಿಸಿದವರು ಜೀನ್ ಮಾರ್ಷ್, ಐಲೀನ್ ಅಟ್ಕಿನ್ಸ್ ಎಂಬ ಇಬ್ಬರು ನಟಿಯರು. ಮಾರ್ಷ್ ತಮಗೆ ಇಟ್ಟುಕೊಂಡದ್ದು ಮನೆಗೆಲಸದವಳ ಪಾತ್ರವನ್ನು. 2010ರಲ್ಲಿ ಬಂದ ‘ಡೌನ್‌ಟನ್ ಅಬ್ಬೆ’ಯೂ ಇದೇ ಏಣಿ ಹತ್ತಿತು. ಅದರ ಚಿತ್ರೀಕರಣದ ಸಂಗತಿಯೊಂದು ನನಗೆ ಇಡೀ ಧಾರಾವಾಹಿಗಿಂತ ಹೆಚ್ಚು ಇಷ್ಟ. ಯಜಮಾನರು ಉಣ್ಣುವ ಕೋಣೆ ಇರುವುದು ಹ್ಯಾಂಪ್‌ಷೈರಿನ ಹೈಕ್ಲೇರ್ ಎಂಬ ನಿಜವಾದ ಬಂಗಲೆಯಲ್ಲಿ. ಆಳುಗಳ ಅಡುಗೆಮನೆಯನ್ನು ಕಟ್ಟಿದ್ದು ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ. ಆಳು ಅಡುಗೆಮನೆಯಲ್ಲಿ ತಟ್ಟೆ ಎತ್ತಿಕೊಂಡು ಬಾಗಿಲು ದಾಟುತ್ತಾನೆ. ಅದು ಮೇಜಿನ ಮೇಲೆ ಬಂದು ಕೂರಬೇಕಾದರೆ ನಡುವೆ ಹತ್ತಾರು ಮೈಲಿ ದಾರಿಯಿದೆ. ಮೇಲಿನವರಿಗೆ ಕಲ್ಲಿನ ಗೋಡೆ, ಕೆಳಗಿನವರಿಗೆ ಹಲಗೆಯ ಗೋಡೆ! ಅನುಕೂಲಕ್ಕಾಗಿಯೇ ಹಾಗೆ ಮಾಡಿದರು, ಒಪ್ಪುತ್ತೇನೆ. ಆದರೂ ನಗು ಬರುತ್ತದೆ.

ಬಡವರ ಮನೆಯ ಕಥೆ ಬೇರೆ. ಅಲ್ಲಿ ಗೋಡೆಯ ಬಣ್ಣ ಹೋಗಿರುತ್ತದೆ, ಹಗ್ಗದ ಮೇಲೆ ಬಟ್ಟೆ ತೂಗುತ್ತಿರುತ್ತದೆ. ಜಾಗಕ್ಕೆ ಮಾತ್ರ ಬಡತನವಿಲ್ಲ. ಬಾಡಿಗೆ ಕಟ್ಟಲಾಗದೆ ಕಣ್ಣೀರಿಡುವ ಸಂಸಾರ ನಮ್ಮ ಮನೆಯ ಎರಡರಷ್ಟು ದೊಡ್ಡ ಕೋಣೆಯಲ್ಲಿ ಕುಳಿತು ಕಣ್ಣೀರಿಡುತ್ತದೆ. ಅದು ಅವರ ತಪ್ಪಲ್ಲ. ಎರಡು ಮೂರು ಕ್ಯಾಮೆರಾ, ದೀಪ, ಮೈಕ್ ಹಿಡಿದವರು, ಇವರೆಲ್ಲ ನಿಲ್ಲುವುದೆಲ್ಲಿ? ನಾಲ್ಕನೆಯ ಗೋಡೆಯನ್ನೇ ಕಿತ್ತು ಜಾಗ ಮಾಡಿಕೊಟ್ಟಿರುತ್ತಾರೆ. ಹಾಗಾಗಿ ಇಕ್ಕಟ್ಟು ಎಂಬುದೊಂದನ್ನು ಸ್ಟುಡಿಯೋದ ಸೆಟ್ಟಿನಲ್ಲಿ ತೋರಿಸುವುದು ಕಷ್ಟ. ಒಬ್ಬರು ಮಗ್ಗುಲು ಬದಲಿಸಿದರೆ ಮೂವರಿಗೆ ಎಚ್ಚರವಾಗುವ ಮನೆ, ಒಬ್ಬರು ಓದಬೇಕೆಂದು ಉಳಿದವರು ಪಿಸುಮಾತಿಗಿಳಿಯುವ ಮನೆ ಪರದೆಗೆ ಬರುವುದು ಅಪರೂಪ.

ಬಂದದ್ದೇ ಇಲ್ಲ ಎಂದರೆ ಸುಳ್ಳಾಗುತ್ತದೆ. 1984ರಲ್ಲಿ ದೂರದರ್ಶನದ ‘ಹಮ್ ಲೋಗ್’ ಕೆಳಮಧ್ಯಮ ವರ್ಗದ ಒಂದು ಕುಟುಂಬವನ್ನು ತಂದು ನಿಲ್ಲಿಸಿತು. ಬ್ರಿಟನ್ನಿನ ‘ಕೊರೊನೇಷನ್ ಸ್ಟ್ರೀಟ್’ 1960ರಿಂದ ದುಡಿಯುವ ಜನರ ಒಂದು ಬೀದಿಯನ್ನು ಬಿಟ್ಟು ಕದಲಿಲ್ಲ. ಅಮೆರಿಕದಲ್ಲಿ 1971ರಲ್ಲಿ ಬಂದ ‘ಆಲ್ ಇನ್ ದ ಫ್ಯಾಮಿಲಿ’ಯಲ್ಲೂ ಹಜಾರದೊಳಗೆ ಮೆಟ್ಟಿಲಿತ್ತು, ನಿಜ. ಆದರೆ ಆ ಮನೆಯ ಮೆಟ್ಟಿಲಿನಿಂದ ಇಳಿದು ಬಂದು ಹೆಸರಾದದ್ದು ಯಾವ ಒಡತಿಯೂ ಅಲ್ಲ. ಮಹಡಿಯ ಶೌಚಾಲಯದಲ್ಲಿ ನೀರು ಬಿಟ್ಟ ಸದ್ದು. ಆ ಮನೆಯ ಯಜಮಾನನ ಸವೆದ ಕುರ್ಚಿ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಹಳೆಯ ಸಾಮಾನು ಮಾರುವಲ್ಲಿ ಕೊಂಡ ಕುರ್ಚಿ ಅದು.

ಇನ್ನು ದುಡಿಮೆಯ ವಿಷಯ. ಸಿರಿವಂತನ ಕೈಯಲ್ಲಿ ಒಂದು ಕಡತವಿರುತ್ತದೆ, ಅದಕ್ಕೆ ಸಹಿ ಹಾಕುತ್ತಾನೆ. ಅಷ್ಟಕ್ಕೇ ಕೋಟಿಗಳು ಬಂದು ಬೀಳುತ್ತವೆ. ಬಡವ ಏನು ಮಾಡುತ್ತಾನೋ ಅದೂ ಕಾಣುವುದಿಲ್ಲ, ದಣಿದು ಮನೆಗೆ ಬರುವುದಷ್ಟೇ ಕಾಣುತ್ತದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೋ ಧಾರಾವಾಹಿಗಳಿಗೆ ಹಣ ಹೂಡಿದವರು ಸಾಬೂನು ತಯಾರಕರು. ‘ಸೋಪ್ ಒಪೆರಾ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಬೆವರಿನ ಕಲೆಯನ್ನು ಸಾಬೂನಿನವರು ಎಷ್ಟು ಹೊತ್ತು ಇರಗೊಟ್ಟಾರು?

ಮೊನ್ನೆ ಮತ್ತೆ ಫೋನು ಬಂತು, ಮತ್ತೆ ಸದ್ದಡಗಿಸಿದೆ. ಒಡತಿ ನಾಲ್ಕನೆಯ ಮೆಟ್ಟಿಲ ಮೇಲೆ, ಮಗ ಹಜಾರದಲ್ಲಿ, ಇಬ್ಬರ ನಡುವೆ ಏನೋ ಘೋರ ರಹಸ್ಯ ಬಯಲಾಗುತ್ತಿತ್ತು. ಹಿಂದೆ ಮಸುಕಾಗಿ ಕೆಲಸದ ಹುಡುಗಿಯೊಬ್ಬಳು ನೀರಿನ ಲೋಟಗಳಿದ್ದ ತಟ್ಟೆ ಹಿಡಿದು ನಿಂತಿದ್ದಳು. ಒಡತಿಯ ಮುಖ ಮೂರು ಸಲ ಹತ್ತಿರ ಬಂತು, ಮಗನ ಮುಖ ಮೂರು ಸಲ. ನೀರು ಯಾರೂ ತೆಗೆದುಕೊಳ್ಳಲಿಲ್ಲ. ಜಾಹೀರಾತು ಬಂತು, ಹೋಯಿತು. ಮುಂದಿನ ದೃಶ್ಯ ಬೇರೆ ಮನೆಯದು.

ನಾನು ಫೋನಿಟ್ಟು ಸದ್ದು ಏರಿಸಿ, ಆ ರಹಸ್ಯ ಏನಿರಬಹುದು ಎಂದು ಅಮ್ಮನನ್ನು ಕೇಳಿದೆ.

‘ಅದಿರಲಿ, ಆ ಹುಡುಗಿಗೆ ತಟ್ಟೆ ಕೆಳಗಿಡು ಎಂದು ಯಾರಾದರೂ ಹೇಳಿದರೇನೋ?’ ಎಂದರು.