ಚಪ್ಪಾಳೆ ಸಾಕು, ಠೇವಣಿ ಇಡೋಣ

"ಕಪ್ಪು ಜನಕ್ಕೆ ಉಳಿತಾಯದ ಅಭ್ಯಾಸವೇ ಇಲ್ಲ ಕಣ್ರೀ, ಇದ್ದಿದ್ದರೆ ಇಷ್ಟು ಹೊತ್ತಿಗೆ ಮುಂದೆ ಬಂದಿರುತ್ತಿದ್ದರು." ಅಮೆರಿಕದಲ್ಲಿರುವ ನಮ್ಮವರು ಹಬ್ಬದೂಟಕ್ಕೆ ಸೇರಿದಾಗ ಒಳ್ಳೆಯ ಮನಸ್ಸಿನವರ ಬಾಯಲ್ಲೇ ಈ ಮಾತು ಕೇಳಿದ್ದೇನೆ. ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ನಾವಿರುವ ಈ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲೇ ಬಾಳಿ ಹೋದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಓದಿ.

ಮ್ಯಾಗಿ ಲೀನಾ ವಾಕರ್ ಹುಟ್ಟಿದ್ದು 1864ರಲ್ಲಿ, ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗ. ತಾಯಿ ಗುಲಾಮಗಿರಿ ಕಂಡವರು. ಮಲತಂದೆ ತೀರಿಕೊಂಡ ಮೇಲೆ ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು ಸಂಸಾರ ಸಾಗಿಸಿದರು. ಕೊಳೆ ಬಟ್ಟೆ ತರುವುದು, ಮಡಿ ಬಟ್ಟೆ ತಲುಪಿಸುವುದು ಮಗಳ ಪಾಲಿನ ಕೆಲಸ. ಬೆಳ್ಳಿ ಚಮಚ ಬಾಯಲ್ಲಿಟ್ಟುಕೊಂಡಲ್ಲ, ತಲೆಯ ಮೇಲೆ ಬಟ್ಟೆ ಬುಟ್ಟಿ ಹೊತ್ತೇ ಹುಟ್ಟಿದವಳು ನಾನು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಆಕೆಗೆ ಹತ್ತು ವರ್ಷವಾಗುವ ಹೊತ್ತಿಗೆ ಒಂದು ದೊಡ್ಡ ಮೋಸ ನಡೆದುಹೋಗಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರು ದುಡ್ಡು ಕೂಡಿಡಲೆಂದು 1865ರಲ್ಲಿ ಅಮೆರಿಕದ ಸಂಸತ್ತೇ ಸನ್ನದು ಕೊಟ್ಟು ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕ್ ಶುರುಮಾಡಿತ್ತು. ಲಿಂಕನ್ ಸಹಿ ಹಾಕಿದ ಬ್ಯಾಂಕು, ಸರ್ಕಾರವೇ ಹಿಂದೆ ನಿಂತಿದೆ ಎಂದು ಜನ ನಂಬಿದರು. ಕೂಲಿಯವರು, ಸಿಪಾಯಿಗಳು, ಅಡುಗೆಯವರು ಡಾಲರ್ ಡಾಲರ್ ಸೇರಿಸಿ ಇಟ್ಟರು. ಆಡಳಿತದಲ್ಲಿದ್ದ ಬಿಳಿಯರು ಆ ಹಣವನ್ನು ತಮಗೆ ಬೇಕಾದವರಿಗೆ, ಭದ್ರತೆಯಿಲ್ಲದ ವ್ಯವಹಾರಗಳಿಗೆ ಸಾಲ ಕೊಟ್ಟರು. ಕೊನೆಗಾಲದಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಅವರನ್ನು ಕರೆತಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಡಗ್ಲಸ್ ಸ್ವಂತದ ಹತ್ತು ಸಾವಿರ ಡಾಲರ್ ಹಾಕಿದರೂ ಉಳಿಯಲಿಲ್ಲ. ಹೆಣಕ್ಕೆ ತಾಳಿ ಕಟ್ಟಿದಂತಾಯಿತು ನನ್ನ ಪಾಡು ಎಂಬರ್ಥದಲ್ಲಿ ಅವರು ಆಮೇಲೆ ಬರೆದುಕೊಂಡರು. 1874ರಲ್ಲಿ ಬ್ಯಾಂಕಿನ ಬಾಗಿಲು ಮುಚ್ಚಿದಾಗ 61 ಸಾವಿರಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಒಳಗೆ ಸಿಕ್ಕಿಕೊಂಡಿತ್ತು. ಕೆಲವರಿಗೆ ವರ್ಷಗಳ ಮೇಲೆ ಒಂದು ಪಾಲು ವಾಪಸು ಬಂತು. ಎಷ್ಟೋ ಮಂದಿಗೆ ಬಿಡಿಗಾಸೂ ಬರಲಿಲ್ಲ.

ಉಳಿತಾಯದ ಅಭ್ಯಾಸ ಇಲ್ಲದ ಜನವೇ ಇವರು?

ಇಷ್ಟು ನಡೆದ ಮೇಲೂ ಅದೇ ಜನರ ಮುಂದೆ ನಿಂತು "ಮತ್ತೆ ಬ್ಯಾಂಕಿನಲ್ಲಿ ದುಡ್ಡಿಡಿ" ಎಂದು ಕೇಳಲು ಎಂಥ ಎದೆಗಾರಿಕೆ ಬೇಕು, ಯೋಚಿಸಿ. ಮ್ಯಾಗಿ ವಾಕರ್ ಕೇಳಿದರು. 1899ರಲ್ಲಿ ಅವರು ಸೇಂಟ್ ಲ್ಯೂಕ್ ಎಂಬ ಪರಸ್ಪರ ಸಹಾಯ ಸಂಘದ ಮುಖ್ಯ ಕಾರ್ಯದರ್ಶಿಯಾದಾಗ ಅದರ ಬೊಕ್ಕಸದಲ್ಲಿದ್ದದ್ದು 31 ಡಾಲರ್ 61 ಸೆಂಟ್, ತೀರಿಸಬೇಕಾದ ಬಾಕಿ 400 ಡಾಲರ್. ಕಾಯಿಲೆಯವರಿಗೆ ನೆರವು, ಸತ್ತವರ ಮಣ್ಣಿಗೆ ಖರ್ಚು, ಇಷ್ಟಕ್ಕೇ ಹುಟ್ಟಿದ್ದ ಸಂಘ ಅದು. 1901ರ ಸಭೆಯಲ್ಲಿ ಅವರು ಮೂರು ಬೇಡಿಕೆ ಇಟ್ಟರು. ನಮಗೊಂದು ಪತ್ರಿಕೆ ಬೇಕು, ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಉದ್ಯಮ ಬೇಕು, ನಮ್ಮದೇ ಬ್ಯಾಂಕ್ ಬೇಕು. ನಮ್ಮ ದುಡ್ಡನ್ನು ಒಟ್ಟುಗೂಡಿಸೋಣ, ನಮ್ಮೊಳಗೇ ಬಡ್ಡಿಗೆ ಕೊಡೋಣ, ಅದರ ಫಲ ನಾವೇ ಉಣ್ಣೋಣ ಎಂದರು. ಮರುವರ್ಷವೇ ಪತ್ರಿಕೆ ಬಂತು. 1903ರ ನವೆಂಬರ್ 2ರಂದು ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಬಾಗಿಲು ತೆರೆಯಿತು. ಮೊದಲ ದಿನವೇ 9 ಸಾವಿರ ಡಾಲರಿಗೂ ಹೆಚ್ಚು ಠೇವಣಿ. ನೂರು ಡಾಲರಿಗೂ ಮಿಗಿಲಾಗಿ ಇಟ್ಟವರಿದ್ದರು. ಬರೀ 31 ಸೆಂಟ್ ತಂದು ಖಾತೆ ತೆರೆದವರೂ ಒಬ್ಬರಿದ್ದರು. ದಿನಕ್ಕೆ ಎರಡಾಣೆಯ ಪಿಗ್ಮಿಯಿಂದ ಕರಾವಳಿಯ ಬಡವರು ಬ್ಯಾಂಕಿನ ಮುಖ ಕಂಡದ್ದನ್ನು ಬಲ್ಲ ನಮಗೆ ಆ 31 ಸೆಂಟಿನ ತೂಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಕಪ್ಪು ಮಹಿಳೆ ಎಂದು ಅವರನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಬ್ಯಾಂಕ್ ಮಾಡಿದ ಕೆಲಸ. ಬಟ್ಟೆ ಒಗೆಯುವವರು, ಮನೆಗೆಲಸದವರು ಇಟ್ಟ ದುಡ್ಡೇ ಅವರಿಗೆ ಮನೆಸಾಲವಾಗಿ ಮರಳಿತು. 1920ರ ಹೊತ್ತಿಗೆ ಸುಮಾರು 600 ಮನೆಗಳ ಖರೀದಿಗೆ ಆ ಬ್ಯಾಂಕ್ ನೆರವಾಗಿತ್ತು. ಬಿಳಿಯರ ಬ್ಯಾಂಕು ಕಣ್ಣೆತ್ತಿಯೂ ನೋಡದ ಕಾಲದಲ್ಲಿ!

ಅವರ ಸೋಲನ್ನೂ ಹೇಳಬೇಕು, ಏಕೆಂದರೆ ಅದು ಅವರ ತಪ್ಪಿನಿಂದ ಬಂದದ್ದಲ್ಲ. 1905ರಲ್ಲಿ ರಿಚ್ಮಂಡ್‌ನ ಬ್ರಾಡ್ ಸ್ಟ್ರೀಟಿನಲ್ಲಿ ಅವರು ಸೇಂಟ್ ಲ್ಯೂಕ್ ಎಂಪೋರಿಯಂ ಎಂಬ ದೊಡ್ಡ ಅಂಗಡಿ ತೆರೆದರು. ಒಗೆಯುವುದು, ತೊಳೆಯುವುದು ಬಿಟ್ಟು ಬೇರೆ ದಾರಿಯಿಲ್ಲದ ಕಪ್ಪು ಹೆಣ್ಣುಮಕ್ಕಳು ಅಲ್ಲಿ ಕೌಂಟರಿನ ಹಿಂದೆ ನಿಂತು ವ್ಯಾಪಾರ ಮಾಡಿದರು. ಬಿಳಿ ವರ್ತಕರು ಒಂದಾಗಿ, ಈ ಅಂಗಡಿಗೆ ಮಾಲು ಕೊಡಬಾರದೆಂದು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ಹಾಕಿದರು. 1911ರಲ್ಲಿ ಎಂಪೋರಿಯಂ ಮುಚ್ಚಿತು.

ಮುಂದೆ ಸರ್ಕಾರವೇ ಆ ಕೆಲಸಕ್ಕೆ ಕೈ ಹಾಕಿತು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ಜನರ ಬಡಾವಣೆಗಳಿಗೆ ಸಾಲಕ್ಕೆ ಅಪಾಯಕಾರಿ ಎಂದು ಕೆಂಪು ಬಳಿಯಿತು. ಮ್ಯಾಗಿ ವಾಕರ್ ಅವರ ಜಾಕ್ಸನ್ ವಾರ್ಡ್ ಕೂಡ ಆ ಕೆಂಪಿನಲ್ಲಿತ್ತು. ಸರ್ಕಾರಿ ವಿಮೆಯ ಅಗ್ಗದ ಮನೆಸಾಲ ಬಿಳಿಯರ ಉಪನಗರಗಳಿಗೆ ಹರಿಯಿತು, ಇಲ್ಲಿಗೆ ಬರಲಿಲ್ಲ. 1950ರ ದಶಕದಲ್ಲಿ ಹೆದ್ದಾರಿ ಅದೇ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಇಂದು ಇಂಟರ್‌ಸ್ಟೇಟ್ 95ರಲ್ಲಿ ವಾಷಿಂಗ್ಟನ್ ಕಡೆಗೆ ಕಾರು ಓಡಿಸುವ ನಾವು ಆ ಜನರ ಮನೆ, ಅಂಗಡಿಗಳಿದ್ದ ನೆಲದ ಮೇಲೆಯೇ ಹೋಗುತ್ತೇವೆ. ಓಕ್ಲಹೋಮಾದ ಟಲ್ಸಾದಲ್ಲಂತೂ ನಕ್ಷೆ, ಹೆದ್ದಾರಿಗಳಿಗೆ ಕಾಯಲೂ ಇಲ್ಲ. 1921ರಲ್ಲಿ ಗ್ರೀನ್‌ವುಡ್ ಎಂಬ ಕಪ್ಪು ಜನರ ವ್ಯಾಪಾರಿ ಬಡಾವಣೆಯ ಮೂವತ್ತೈದು ಬ್ಲಾಕ್‌ಗಳನ್ನು ಬಿಳಿಯರ ಗುಂಪು ಸುಟ್ಟು ಹಾಕಿತು. ದಂಗೆಯ ನಷ್ಟ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಿಮಾ ಕಂಪನಿಗಳು ಕೈತೊಳೆದುಕೊಂಡವು.

ಕಟ್ಟಲು ಬಾರದವರ ಚರಿತ್ರೆಯಲ್ಲ ಇದು. ಕಟ್ಟಿದ್ದನ್ನು ಪ್ರತಿ ಸಲ ಕಿತ್ತುಕೊಂಡವರ ಚರಿತ್ರೆ.

ಇದರಲ್ಲಿ ನಮಗೇನು ಕೆಲಸ ಎನ್ನುವವರಿಗೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ತೋರಿಸುತ್ತೇನೆ. ಎ. ಜಿ. ಗ್ಯಾಸ್ಟನ್ ಎಂಬ ಕಪ್ಪು ಉದ್ಯಮಿ ವಿಮೆ, ಬ್ಯಾಂಕು ನಡೆಸಿ ಬೆಳೆದವರು. ಕಪ್ಪು ಪ್ರಯಾಣಿಕರಿಗೆ ಒಳ್ಳೆಯ ವಸತಿ ಸಿಗದ ಆ ಊರಿನಲ್ಲಿ 1954ರಲ್ಲಿ ಒಂದು ಮೋಟೆಲ್ ಕಟ್ಟಿಸಿದರು. 1963ರ ನಾಗರಿಕ ಹಕ್ಕುಗಳ ಹೋರಾಟ ಕಾಲದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಜೊತೆಗಾರರು ಬೀಡುಬಿಟ್ಟದ್ದು ಅಲ್ಲೇ. ಆ ಮೇ ತಿಂಗಳಲ್ಲಿ ಮೋಟೆಲ್ ಮೇಲೆ ಬಾಂಬ್ ಬಿತ್ತು. ಹೋರಾಟಕ್ಕೆ ಮಲಗಲು ಜಾಗ, ಸಭೆ ಸೇರಲು ಕೋಣೆ ಸಿಕ್ಕಿದ್ದು ಇಂಥವರ ಬಂಡವಾಳದಿಂದ. ಅದೇ ಹೋರಾಟದ ಅಲೆಯ ಮೇಲೆ 1965ರ ವಲಸೆ ಕಾಯ್ದೆ ಬಂತು. ಅದಕ್ಕೂ ಮೊದಲು ಇಡೀ ಭಾರತಕ್ಕೆ ವರ್ಷಕ್ಕಿದ್ದ ಕೋಟಾ ಬರೀ ನೂರು ಜನ. ಬಣ್ಣ ನೋಡಿ ಮನೆ ನಿರಾಕರಿಸುವಂತಿಲ್ಲ ಎಂಬ ಕಾಯ್ದೆ 1968ರಲ್ಲಿ ಬಂತು. ನಮ್ಮ ವೀಸಾ, ನಮ್ಮ ಗ್ರೀನ್ ಕಾರ್ಡ್, ಒಳ್ಳೆಯ ಶಾಲೆ ನೋಡಿ ನಾವು ಕೊಂಡ ಮನೆ, ಇವೆಲ್ಲದರ ಅಡಿಪಾಯದಲ್ಲಿ ಅವರ ಬೆವರಿದೆ, ರಕ್ತವೂ ಇದೆ. ನಮ್ಮ ಬುದ್ಧಿವಂತಿಕೆ ಒಂದರಿಂದಲೇ ಬಂದೆವು ಎಂದುಕೊಳ್ಳುವುದು ನನಗೆ ಕೃತಘ್ನತೆಯಾಗಿ ಕಾಣುತ್ತದೆ.

ಇನ್ನೊಂದು ಅಪಾಯವಿದೆ. ಮ್ಯಾಗಿ ವಾಕರ್ ಅಂಥವರನ್ನು ಕೊಂಡಾಡುವ ಬಾಯಿಯೇ "ನೋಡಿ, ಯಾರ ಹಂಗೂ ಇಲ್ಲದೆ ಮಾಡಿ ತೋರಿಸಿದರು, ಉಳಿದವರೂ ಮಾಡಲಿ" ಎಂದು ಕೈ ಚೆಲ್ಲಿಬಿಡುತ್ತದೆ. 1968ರ ಚುನಾವಣೆಯಲ್ಲಿ ನಿಕ್ಸನ್ ಕಪ್ಪು ಬಂಡವಾಳಶಾಹಿಯ ಮಾತಾಡಿದ್ದೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ. ಬಡವರು ಬಡವರ ದುಡ್ಡನ್ನೇ ಸುತ್ತಿಸಿ ಎಷ್ಟು ದೂರ ಹೋಗಲು ಸಾಧ್ಯ? ಠೇವಣಿ ಚಿಕ್ಕದು, ಬೇಗ ಹಿಂತೆಗೆಯುವಂಥದ್ದು. ಅಡವಿಟ್ಟ ಮನೆಗಳ ಬೆಲೆಯನ್ನು ಆ ಕೆಂಪು ನಕ್ಷೆಯೇ ಕುಗ್ಗಿಸಿದೆ. ಹೊರಗಿನ ಹಣ, ಅದೂ ಬಹುಕಾಲ ನಿಲ್ಲುವ ಹಣ ಒಳಗೆ ಬರಲೇಬೇಕು. ಬ್ಯಾಂಕುಗಳು ಠೇವಣಿ ಎತ್ತುವ ಕಡೆಯಲ್ಲೇ ಸಾಲವನ್ನೂ ಕೊಡಬೇಕೆಂದು 1977ರಲ್ಲಿ ಬಂದ ಸಮುದಾಯ ಮರುಹೂಡಿಕೆ ಕಾಯ್ದೆಯ ಆಶಯವೂ ಅದೇ. 2020ರಲ್ಲಿ ನೆಟ್‌ಫ್ಲಿಕ್ಸ್ ಕಂಪನಿ ತನ್ನ ನಗದಿನ ನೂರಕ್ಕೆ ಎರಡು ಪಾಲನ್ನು ಕಪ್ಪು ಸಮುದಾಯಕ್ಕೆ ಸಾಲ ಕೊಡುವ ಸಂಸ್ಥೆಗಳಲ್ಲಿ ಇಡುವುದಾಗಿ ಘೋಷಿಸಿತು, ಮೊದಲ ಕಂತು 10 ಕೋಟಿ ಡಾಲರ್‌ವರೆಗೆ. ಮಿಸಿಸಿಪ್ಪಿಯ ಹೋಪ್ ಕ್ರೆಡಿಟ್ ಯೂನಿಯನ್ ಎಂಬ, ಸದಸ್ಯರದ್ದೇ ಒಡೆತನದ ಸಹಕಾರಿ ಸಂಸ್ಥೆಗೆ ಅದರಲ್ಲಿ ಒಂದು ಕೋಟಿ. ದಾನವಲ್ಲ, ಠೇವಣಿ. ದುಡ್ಡು ಅವರದ್ದೇ, ಮಲಗುವ ಜಾಗ ಮಾತ್ರ ಬೇರೆ.

ನಾವು ಅಷ್ಟು ದೊಡ್ಡವರಲ್ಲ. ಆದರೆ ನಮ್ಮ ಕನ್ನಡ ಸಂಘಗಳಿಗೆ ಆಪತ್ಕಾಲದ ನಿಧಿ ಇದೆ, ಕಟ್ಟಡ ನಿಧಿ ಇದೆ. ಎಷ್ಟೋ ಕಡೆ ವರ್ಷಗಟ್ಟಲೆ ಯಾವುದೋ ದೊಡ್ಡ ಬ್ಯಾಂಕಿನ ಖಾತೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅದರಲ್ಲಿ ಒಂದು ಪಾಲನ್ನು ಕಪ್ಪು ಒಡೆತನದ ಬ್ಯಾಂಕಿನಲ್ಲೋ, ಸಮುದಾಯ ಅಭಿವೃದ್ಧಿಯ ಕ್ರೆಡಿಟ್ ಯೂನಿಯನ್ನಿನಲ್ಲೋ ಒಂದು ವರ್ಷದ ಠೇವಣಿಯಾಗಿ ಇಡೋಣ. ಎರಡೂವರೆ ಲಕ್ಷ ಡಾಲರ್‌ವರೆಗೆ ಕೇಂದ್ರ ಸರ್ಕಾರದ ವಿಮೆ ಅಲ್ಲೂ ಉಂಟು, ದೊಡ್ಡ ಬ್ಯಾಂಕಿನಲ್ಲಿರುವಷ್ಟೇ. ಅಲ್ಪಸಂಖ್ಯಾತರ ಒಡೆತನದ ಬ್ಯಾಂಕುಗಳ ಪಟ್ಟಿಯನ್ನು, ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಕೇಂದ್ರ ಸಂಸ್ಥೆ ಎಫ್‌ಡಿಐಸಿ ತನ್ನ ಜಾಲತಾಣದಲ್ಲೇ ಹಾಕಿದೆ. ಬಡ್ಡಿ ಕಾಲು ಪರ್ಸೆಂಟ್ ಆಚೀಚೆ ಆಗಬಹುದು, ಶಾಖೆ ದೂರ ಇರಬಹುದು, ಆ್ಯಪ್ ಸ್ವಲ್ಪ ಹಳೆಯದಿರಬಹುದು. ಆಗಲಿ.

ನಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸುತ್ತಿದ್ದೇನೆ. ಖಜಾಂಚಿಗಳಿಗೆ ಮುಂಚೆಯೇ ತಿಳಿಸಿದ್ದೇನೆ. ಬೇರೆ ಊರುಗಳ ಸಂಘದವರು ಕರಡು ಬೇಕೆಂದರೆ ಕೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧವಿದೆ, ಕಳಿಸಿಕೊಡುತ್ತೇನೆ.