ಕೂಗಿದ್ದೆಲ್ಲ ಕಾಸಲ್ಲ

ಹೊಸ ಮೆಟಲ್ ಡಿಟೆಕ್ಟರ್ ಮೊದಲ ದಿನ ಪತ್ತೆ ಮಾಡಿದ್ದು ನನ್ನ ಶೂ.

ಹಿತ್ತಲಿಗೆ ಇಳಿದು ಸ್ವಿಚ್ ಒತ್ತಿ ಒಂದು ಹೆಜ್ಜೆ ಇಟ್ಟೆ. ಕೀಂ ಅಂತು. ಇನ್ನೊಂದು ಹೆಜ್ಜೆ, ಮತ್ತೆ ಕೀಂ. ಕಾಲಿಟ್ಟಲ್ಲೆಲ್ಲ ನಿಧಿ! ಹಿಗ್ಗಿನಲ್ಲಿ ಮೂರು ಗುಂಡಿ ತೋಡಿದೆ. ನಾಲ್ಕನೆಯದಕ್ಕೆ ಬಗ್ಗಿದಾಗ ಹೊಳೆಯಿತು. ಅಗೆಯುವಾಗ ಬೆರಳಿಗೆ ಪೆಟ್ಟಾಗಬಾರದು ಅಂತ ಗಟ್ಟಿ ಶೂ ಹಾಕಿಕೊಂಡಿದ್ದೆ. ಅದರ ಮೂತಿಯೊಳಗೆ ಉಕ್ಕಿನ ತಗಡು.

ಗ್ರಹಾಂ ಬೆಲ್ ಕಥೆ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಹುಡುಕಲು ಬೆಲ್ ಇಂಥದ್ದೇ ಒಂದು ಯಂತ್ರ ಮಾಡಿಕೊಂಡು ಬಂದರು. ಆದರೆ ಹಾಸಿಗೆಯೊಳಗೆ ಲೋಹದ ಸ್ಪ್ರಿಂಗ್‌ಗಳಿದ್ದವು. ಸಾಲದ್ದಕ್ಕೆ ಡಾಕ್ಟರು ಬಲಗಡೆ ಮಾತ್ರ ಹುಡುಕಿ ಅಂದರು. ಗುಂಡು ಎಡಗಡೆ ಇತ್ತು. ಪಾಪ, ಗಾರ್ಫೀಲ್ಡ್ ಉಳಿಯಲಿಲ್ಲ. ಬೆಲ್‌ಗೆ ಹಾಸಿಗೆ, ನನಗೆ ಶೂ.

ಯಂತ್ರದ ಕೆಲಸ ಕೇಳಿದರೆ ಸುಲಭ ಅನಿಸುತ್ತದೆ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿ. ಒಂದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಓಡುತ್ತದೆ. ಆಗ ಕೆಳಗಿನ ಮಣ್ಣಿನಲ್ಲಿ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟಿನ ಸುಳಿಗಳು ಏಳುತ್ತವೆ. ಇನ್ನೊಂದು ಸುರುಳಿ ಅವುಗಳ ಉತ್ತರಕ್ಕೆ ಕಿವಿಗೊಟ್ಟು ಕೂತಿರುತ್ತದೆ. ಕಬ್ಬಿಣದ ಉತ್ತರ ಒಂದು ಥರ, ಬೆಳ್ಳಿ ತಾಮ್ರದ್ದು ಇನ್ನೊಂದು ಥರ. ಆ ವ್ಯತ್ಯಾಸ ನೋಡಿ ಯಂತ್ರ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ.

ಈ ಅಂಕಿಯನ್ನು ನಂಬಿಯೇ ನಾನು ಕೆಟ್ಟಿದ್ದು. ತಂಪು ಪಾನೀಯದ ಡಬ್ಬಿ ತೆರೆಯಲು ಎಳೆಯುವ ಅಲ್ಯೂಮಿನಿಯಂ ಉಂಗುರ ಇದೆಯಲ್ಲ, ಅದಕ್ಕೂ ಚಿನ್ನದ ಉಂಗುರಕ್ಕೂ ಎಷ್ಟೋ ಸಲ ಒಂದೇ ಅಂಕಿ. ಕಸ ಬೇಡ, ಆ ಅಂಕಿಗೆ ಕೂಗಬೇಡ ಅಂತ ಯಂತ್ರದ ಬಾಯಿ ಮುಚ್ಚಿಸಿದರೆ ಚಿನ್ನವೂ ಬಾಯಿ ಮುಚ್ಚಿಕೊಳ್ಳುತ್ತದೆ, ಕೆಲವು ನಾಣ್ಯಗಳೂ. ಮುಚ್ಚಿಸದಿದ್ದರೆ ಬೇಗಡೆ ಚೂರು, ಬಾಟಲಿ ಮುಚ್ಚಳ ಎಲ್ಲವೂ ನಾನು ನಾನು ಅಂತ ಕೈ ಎತ್ತುತ್ತವೆ. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಕ್ಕಿತ್ತು.

ಇನ್ನೊಂದು ತಪ್ಪನ್ನು ಹೊಸಬರೆಲ್ಲ ಮಾಡುತ್ತಾರಂತೆ. ಸೆನ್ಸಿಟಿವಿಟಿಯನ್ನು, ಅಂದರೆ ಯಂತ್ರದ ಕಿವಿಯ ಚುರುಕನ್ನು, ಪೂರ್ತಿ ಏರಿಸುವುದು. ಜಾಸ್ತಿ ಇಟ್ಟಷ್ಟೂ ಆಳ ಸಿಗುತ್ತದೆ ಅಂತ ಆಸೆ. ಆದರೆ ಆಗ ಮಣ್ಣಿನಲ್ಲಿರುವ ಖನಿಜಕ್ಕೂ ಕೂಗು, ಪಕ್ಕದ ಕರೆಂಟ್ ತಂತಿಗೂ ಕೂಗು. ಒಂದೆರಡು ಮೆಟ್ಟಿಲು ಇಳಿಸಿದ ಮೇಲೆ ನನ್ನ ಯಂತ್ರ ಮನುಷ್ಯರ ಹಾಗೆ ಮಾತಾಡಿತು.

ತಟ್ಟೆ ಆಡಿಸುವುದೂ ಒಂದು ವಿದ್ಯೆ. ನಾನು ತೊಟ್ಟಿಲು ತೂಗಿದ ಹಾಗೆ ಆಡಿಸುತ್ತಿದ್ದೆ. ಎರಡೂ ತುದಿಯಲ್ಲಿ ತಟ್ಟೆ ಮೇಲೇಳುತ್ತಿತ್ತು, ಅಲ್ಲಿನ ಆಳವೆಲ್ಲ ದಂಡ. ನೆಲ ಒರೆಸಿದ ಹಾಗೆ ಆಡಿಸಬೇಕು. ನೆಲಕ್ಕೆ ಹತ್ತಿರ, ಒಂದೇ ಮಟ್ಟದಲ್ಲಿ, ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಸ್ವಲ್ಪ ಬೀಳುವಂತೆ. ಇದನ್ನು ಹೆಂಡತಿಗೆ ವಿವರಿಸಿ ಹೇಳಿದ್ದು ನನ್ನ ದೊಡ್ಡ ತಪ್ಪು. "ನೆಲ ಒರೆಸೋಕೆ ಬರಲ್ಲ ಅಂತಿದ್ರಲ್ಲ?" ಅಂದಳು.

ಅಭ್ಯಾಸಕ್ಕೆ ನಾವೇ ನಾಣ್ಯ ಹೂತು ಹುಡುಕಬೇಕು ಅಂತ ಬಲ್ಲವರು ಹೇಳುತ್ತಾರೆ. ಎರಡು ಇಂಚಿನಿಂದ ಶುರು ಮಾಡಿ ಬೇರೆ ಬೇರೆ ಆಳಕ್ಕೆ ಐದು ನಾಣ್ಯ ಹೂತೆ. ಐದನೆಯದನ್ನು ಬೇಕಂತಲೇ ನೆಟ್ಟಗೆ ನಿಲ್ಲಿಸಿದೆ. ಮಲಗಿದ ನಾಣ್ಯ ಜೋರಾಗಿ ಕೂಗುತ್ತದೆ, ನಿಂತ ನಾಣ್ಯದ ದನಿ ಕ್ಷೀಣ. "ದುಡ್ಡು ಹುಡುಕೋಕೆ ದುಡ್ಡು ಹೂಳೋದಾ?" ಅಂತ ಕಿಟಕಿಯಿಂದ ಪ್ರಶ್ನೆ ಬಂತು. ಗುರುತಿಗೆ ಕಡ್ಡಿ ನೆಡಲಿಲ್ಲ. ಸುಮ್ನೆ ಧೈರ್ಯ.

ಕಿವಿ ಪಳಗಿದ್ದು ಆಗಲೇ. ತಟ್ಟೆಯನ್ನು ಮೇಲೆತ್ತಿದರೆ ನಾಣ್ಯದ ದನಿ ಬೇಗ ಮಾಯವಾಗುತ್ತದೆ, ದೊಡ್ಡ ಡಬ್ಬಿ ಕೂಗುತ್ತಲೇ ಇರುತ್ತದೆ. ಮೊಳೆಯಂತೂ ಮಹಾ ಮೋಸಗಾರ. ಒಂದು ದಿಕ್ಕಿನಿಂದ ನಾಣ್ಯದ ಹಾಗೆ ಹಾಡುತ್ತದೆ. ಅಡ್ಡಕ್ಕೆ ತಿರುಗಿ ಕೇಳಿದರೆ ಗೊರ ಗೊರ. ನಾಣ್ಯ ಸಾಮಾನ್ಯವಾಗಿ ಎರಡೂ ಕಡೆಯಿಂದ ಒಂದೇ ಮಾತಾಡುತ್ತದೆ.

1992ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ಒಬ್ಬರು ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕುತ್ತ ಹೋದರು. ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯ. ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು. ಆ ಸುತ್ತಿಗೆಗೆ ಬೇಕಾದ ಮೊಳೆಗಳೆಲ್ಲ ನನ್ನ ಹತ್ತಿರ ಇವೆ.

ಹೂತ ಐದರಲ್ಲಿ ನಾಲ್ಕು ಸಿಕ್ಕವು. ಐದನೆಯದಕ್ಕಾಗಿ ಮೂರು ವಾರ ಹಿತ್ತಲು ಒರೆಸಿದೆ. ಮೊನ್ನೆ ಬೇಲಿಯ ಹತ್ತಿರ ಒಂದು ಮೆಲು ದನಿ ಕೇಳಿತು. ಅಡ್ಡ ತಿರುಗಿದೆ, ಅದೇ ದನಿ. ಅಗೆದು, ಮಣ್ಣು ಒರೆಸಿ ನೋಡಿದೆ. ನಾಣ್ಯವೇ. ಸವೆದು ಅಕ್ಷರವೆಲ್ಲ ಅಳಿಸಿಹೋಗಿತ್ತು.

"ಸಿಕ್ತಾ ಐದನೇದು?" ಅಂತ ಕಿಟಕಿ ಕೇಳಿತು.

"ಇಲ್ಲ," ಅಂದೆ. "ಮೊದಲನೇದು ಸಿಕ್ತು."